ಮೊದಲು ‘ಏನಾಗೈತಿ’ ಹೇಳಿ: ಪಿಎಂಪಿ ಪರೀಕ್ಷೆಯ ಪರಿಸ್ಥಿತಿ ಓದುವ ಪ್ರಶ್ನೆಗಳಿಗೆ ತಯಾರಿ

ಗಂಗಾವತಿ ಹತ್ತಿರ ಒಂದು ಅಕ್ಕಿ ಗಿರಣಿಗೆ ಗೋದಾಮು ಕಟ್ಟುತ್ತಿದ್ದೆವು. ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಒಟ್ಟು 40 ಲಕ್ಷದ ಕೆಲಸ, ಹತ್ತು ತಿಂಗಳ ಗಡುವು. ಐದನೇ ತಿಂಗಳ ಕೊನೆಗೆ ಮಾಲೀಕರು ಲೆಕ್ಕ ತೆಗೆದು ಕೂತರು.

“ಇಷ್ಟೊತ್ತಿಗೆ ಇಪ್ಪತ್ತು ಲಕ್ಷ ಖರ್ಚಾಗತೈತಿ ಅಂದಿದ್ರಿ. ಹದಿನೆಂಟೇ ಆಗೈತಿ. ಎರಡು ಲಕ್ಷ ಉಳೀತಲ್ರಿ!”

ಎಲ್ಲರಿಗೂ ಖುಷಿ. ಮಿರ್ಚಿ, ಚಹಾ ತರಿಸಿದರು. ನಾನೂ ತಿಂದೆ. ಸಂಜೆ ಅಳತೆ ಪುಸ್ತಕ ಹಿಡಿದು ಕೂತಾಗ ಹೊಟ್ಟೆ ತಣ್ಣಗಾಯಿತು. ಐದು ತಿಂಗಳಲ್ಲಿ ಆಗಬೇಕಿದ್ದದ್ದು 20 ಲಕ್ಷದ ಕೆಲಸ. ಆಗಿದ್ದದ್ದು 16 ಲಕ್ಷದ್ದು ಮಾತ್ರ. ಅಂದರೆ 16 ಲಕ್ಷದ ಕೆಲಸಕ್ಕೆ 18 ಲಕ್ಷ ಸುರಿದಿದ್ದೆವು. ಉಳಿದದ್ದು ಏನೂ ಇಲ್ಲ, ಎರಡು ಲಕ್ಷ ಹೆಚ್ಚಿಗೆ ಹೋಗಿತ್ತು. ಮೇಲಿಂದ ಕೆಲಸವೂ ಹಿಂದೆ.

ಪಿಎಂಪಿ ಅಂದರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಅನ್ನುವ ಸಂಸ್ಥೆ ಕೊಡುವ ಸರ್ಟಿಫಿಕೇಟ್. ಅದರ ಪರೀಕ್ಷೆಯಲ್ಲಿ ಬರುವ ಪರಿಸ್ಥಿತಿ ಓದುವ ಪ್ರಶ್ನೆಗಳು ಹೀಗೇ ಇರುತ್ತವೆ. ಅಂಕಿ ಕೊಟ್ಟಿರುತ್ತಾರೆ, ಇಲ್ಲವೇ ಒಂದು ಚಿತ್ರ, ಇಲ್ಲವೇ ನಾಲ್ಕು ಸಾಲಿನ ಕಥೆ. ಸೂತ್ರ ಕೇಳುವುದಿಲ್ಲ, ವ್ಯಾಖ್ಯೆ ಕೇಳುವುದಿಲ್ಲ. “ಈ ಪ್ರಾಜೆಕ್ಟ್ ಈಗ ಯಾವ ಸ್ಥಿತಿಯಲ್ಲಿದೆ?” ಅಂತ ಕೇಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಒಂದು ಆ ಮಾಲೀಕರ ಮಾತಿನ ಹಾಗೆ ಕೇಳಲು ಹಿತವಾಗಿರುತ್ತದೆ. ಅದನ್ನೇ ಒತ್ತಿ ಮುಂದೆ ಹೋಗುತ್ತೇವೆ.

ನಾನು ಮೊದಲ ಸಲ ಫೇಲ್ ಆದೆ. ಓದು ಕಡಿಮೆ ಇರಲಿಲ್ಲ. ಸೈಟಿನಲ್ಲಿ ಕೆಲಸ ಮಾಡಿದವರಿಗೆ ಕೈ ಬೇಗ ಓಡುತ್ತದೆ. ಸಮಸ್ಯೆ ಕಂಡ ಕೂಡಲೇ ಫೋನ್ ತೆಗೆಯುವ ಅಭ್ಯಾಸ ನಮ್ಮದು. ಪರೀಕ್ಷೆಯಲ್ಲಿ ಅದೇ ನನ್ನನ್ನು ಕೆಡಿಸಿತು. ಏನಾಗಿದೆ ಅಂತ ಓದುವ ಮೊದಲೇ ಏನು ಮಾಡಬೇಕು ಅಂತ ಹುಡುಕುತ್ತಿದ್ದೆ. ಎರಡನೇ ಸಲಕ್ಕೆ ಬಳ್ಳಾರಿಯಲ್ಲಿ ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ಸೇರಿ ಓದಿದೆವು. ರಾಯಚೂರಿನಿಂದ ಇಬ್ಬರು ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದರು. ಅಲ್ಲಿ ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅರ್ಜಿ, ಅರ್ಹತೆ, ಶುಲ್ಕದ ವಿಷಯಕ್ಕೆ ಹೋಗುವುದಿಲ್ಲ. ಅದಕ್ಕೆ ಪಿಎಂಐನ ಕೈಪಿಡಿ ಇದೆ.

ಮೊದಲನೆಯದು: ಪರೀಕ್ಷೆಯ ಅಳತೆ ತಿಳಿದುಕೊಳ್ಳಿ

ಇದನ್ನು ಬೇಗ ಮುಗಿಸೋಣ. 2021ರಲ್ಲಿ ಬಂದ ಮಾದರಿಯಲ್ಲಿ 180 ಪ್ರಶ್ನೆ, 230 ನಿಮಿಷ. 60 ಪ್ರಶ್ನೆಗೆ ಒಂದು ಬ್ರೇಕ್, 120ಕ್ಕೆ ಇನ್ನೊಂದು, ತಲಾ 10 ನಿಮಿಷ. ಬ್ರೇಕ್ ತೆಗೆದುಕೊಂಡ ಮೇಲೆ ಹಿಂದಿನ ಭಾಗಕ್ಕೆ ಮರಳಲು ಆಗುವುದಿಲ್ಲ. ಆ ಮಾದರಿಯಲ್ಲಿ ಜನರನ್ನು ನಡೆಸುವ ವಿಷಯಕ್ಕೆ 42 ಪರ್ಸೆಂಟ್, ಕೆಲಸದ ವಿಧಾನಕ್ಕೆ 50, ವ್ಯವಹಾರದ ವಾತಾವರಣಕ್ಕೆ 8. ಅರ್ಧದಷ್ಟು ಪ್ರಶ್ನೆಗಳು ಎಲ್ಲವನ್ನೂ ಮೊದಲೇ ಯೋಜಿಸುವ ಹಳೆ ಪದ್ಧತಿಯ ಮೇಲೆ, ಅರ್ಧದಷ್ಟು ಅಜೈಲ್ (ಸಣ್ಣ ಸಣ್ಣ ಸುತ್ತಿನಲ್ಲಿ ಕೆಲಸ ಮುಗಿಸುತ್ತಾ ಯೋಜನೆ ತಿದ್ದಿಕೊಳ್ಳುವ ಪದ್ಧತಿ) ಮತ್ತು ಹೈಬ್ರಿಡ್ (ಎರಡರ ಮಿಶ್ರಣ) ಮೇಲೆ. ಪಿಎಂಐ ಕೆಲವು ವರ್ಷಕ್ಕೊಮ್ಮೆ ಇದನ್ನೆಲ್ಲ ಬದಲಿಸುತ್ತದೆ. ಹಾಗಾಗಿ ನೀವು ಕೂರುವ ದಿನಕ್ಕೆ ಯಾವ ಔಟ್‌ಲೈನ್ (ಪರೀಕ್ಷೆಯ ಪಠ್ಯಕ್ರಮ) ಜಾರಿಯಲ್ಲಿದೆ ಅಂತ ಅವರ ವೆಬ್‌ಸೈಟಿನಲ್ಲೇ ನೋಡಿ. ಪರಿಚಯದವರು ಕಳಿಸಿದ ಹಳೆ ಪಿಡಿಎಫ್ ನಂಬಬೇಡಿ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಯಾವುದನ್ನೂ ಖಾಲಿ ಬಿಡಬೇಡಿ. ಪಾಸಾಗಲು ಎಷ್ಟು ಅಂಕ ಬೇಕು ಅಂತ ಪಿಎಂಐ ಹೇಳುವುದಿಲ್ಲ. “61 ಪರ್ಸೆಂಟ್ ಸಾಕು” ಅನ್ನುವ ಮಾತೆಲ್ಲ ಗಾಳಿಸುದ್ದಿ.

ಕನ್ನಡದಲ್ಲಿ ಈ ಪರೀಕ್ಷೆ ಇಲ್ಲ. ಇಂಗ್ಲಿಷ್‌ನಲ್ಲೇ ಓದಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮಾಡಿದವರಿಗೆ ಇದೇ ದೊಡ್ಡ ಗುಡ್ಡ ಅನ್ನಿಸುತ್ತದೆ. ಆದರೆ ಕನ್ನಡವೇ ಇಲ್ಲಿ ನಮಗೆ ಕೈಕೋಲು ಆಯಿತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದು: ಕೊನೆಯ ಸಾಲನ್ನು ಮೊದಲು ಓದಿ

ಪ್ರಶ್ನೆ ಆರು ಸಾಲು ಇರಬಹುದು. ಕೇಳಿರುವುದು ಕೊನೆಯ ಸಾಲಿನಲ್ಲಿ. ಅದನ್ನು ಮೊದಲು ಓದಿ, ಪ್ರಶ್ನೆ ಯಾವ ಜಾತಿಯದು ಅಂತ ಗುರುತಿಸಿ.

“ಇದರಿಂದ ಏನು ತಿಳಿಯುತ್ತದೆ”, “ಇದಕ್ಕೆ ಕಾರಣ ಏನಿರಬಹುದು”, “ತಂಡ ಯಾವ ಹಂತದಲ್ಲಿದೆ” ಅಂತಿದ್ದರೆ ಅದು ನೇರವಾಗಿ ಪರಿಸ್ಥಿತಿ ಓದುವ ಪ್ರಶ್ನೆ. ಉತ್ತರದಲ್ಲಿ ಮಾಡುವ ಕೆಲಸ ಬರಬಾರದು. “ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು” ಅಂತಿದ್ದರೆ ಅದು ಮಾಡುವ ಪ್ರಶ್ನೆ. ಆದರೆ ಅದರ ಹೊಟ್ಟೆಯೊಳಗೂ ಓದುವ ಪ್ರಶ್ನೆಯೇ ಕೂತಿರುತ್ತದೆ. ಏನಾಗಿದೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನುವುದು ಮುಕ್ಕಾಲು ಪಾಲು ತಾನೇ ಬರುತ್ತದೆ.

ಫಸ್ಟ್, ನೆಕ್ಸ್ಟ್, ಬೆಸ್ಟ್, ಲೀಸ್ಟ್, ಎಕ್ಸೆಪ್ಟ್, ಮೋಸ್ಟ್ ಲೈಕ್ಲಿ. ಈ ಆರು ಪದ ಕಂಡಲ್ಲಿ ನಿಲ್ಲಿ. ‘ಮೋಸ್ಟ್ ಲೈಕ್ಲಿ’ ಅಂದರೆ ‘ಬಹುಶಃ ಇದೇ’ ಅಂತ. ಖಚಿತ ಸಾಕ್ಷಿ ಹುಡುಕುತ್ತಾ ಕೂರಬೇಡಿ. ಕೊಟ್ಟ ಮಾತಿಗೆ ಯಾವುದು ಜಾಸ್ತಿ ಹೊಂದುತ್ತದೆ ಅಷ್ಟೇ ನೋಡಿ. ‘ಎಕ್ಸೆಪ್ಟ್’ ಕಣ್ಣು ತಪ್ಪಿಸಿ ನನ್ನ ಎರಡು ಅಂಕ ತಿಂದಿದೆ ಅಂತ ನನಗೆ ಈಗಲೂ ಗುಮಾನಿ.

ಮೂರನೆಯದು: ಆಪ್ಷನ್ ಮುಚ್ಚಿಟ್ಟು ಒಂದು ಕನ್ನಡ ವಾಕ್ಯ ಹೇಳಿ

ಈ ಲೇಖನದಲ್ಲಿ ನೀವು ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಭಾನುವಾರದ ಗುಂಪಿನಲ್ಲಿ ಒಂದು ನಿಯಮ ಇತ್ತು. ಒಬ್ಬರು ಇಂಗ್ಲಿಷ್ ಪ್ರಶ್ನೆ ಓದುತ್ತಾರೆ. ಆಪ್ಷನ್ ಓದುವುದಿಲ್ಲ. ಉಳಿದವರು “ಏನಾಗೈತಿ?” ಅಂತ ಕೇಳುತ್ತಾರೆ. ರಾಯಚೂರಿನವರು “ಏನಾಗ್ಯಾದ?” ಅನ್ನುತ್ತಿದ್ದರು. ಓದಿದವರು ಒಂದೇ ಕನ್ನಡ ವಾಕ್ಯದಲ್ಲಿ ಉತ್ತರ ಹೇಳಬೇಕು. ಆ ವಾಕ್ಯದಲ್ಲಿ ‘ಮಾಡಬೇಕು’, ‘ಕರೆಸಬೇಕು’, ‘ಹೇಳಬೇಕು’ ಅಂತ ಬಂದರೆ ಔಟ್. ಮತ್ತೆ ಮೊದಲಿಂದ.

ಮೊದಲ ವಾರ ಒಬ್ಬರಿಗೂ ಆಗಲಿಲ್ಲ. “ಸರ್, ಇಲ್ಲಿ ಸ್ಪಾನ್ಸರ್ ಹತ್ರ ಹೋಗ್ಬೇಕು” ಅಂತಲೇ ಶುರು ಮಾಡುತ್ತಿದ್ದರು. (ಸ್ಪಾನ್ಸರ್ ಅಂದರೆ ಪ್ರಾಜೆಕ್ಟಿಗೆ ದುಡ್ಡು, ಬೆಂಬಲ ಕೊಡುವ ಮೇಲಿನವರು.) ನಾಲ್ಕನೇ ವಾರಕ್ಕೆ ಬಾಯಿ ಪಳಗಿತು. ಇಂಗ್ಲಿಷ್‌ನ ಆರು ಸಾಲನ್ನು ಕನ್ನಡದ ಒಂದು ಸಾಲಿಗೆ ಇಳಿಸಬೇಕಾದರೆ ಅರ್ಥ ಆಗದೆ ಆಗುವುದಿಲ್ಲ ನೋಡಿ. ಇಂಗ್ಲಿಷ್‌ನಲ್ಲೇ ಹೇಳಿದರೆ ಪ್ರಶ್ನೆಯ ಪದಗಳನ್ನೇ ಗಿಣಿಪಾಠ ಒಪ್ಪಿಸಿ ತಪ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ಆ ಸೌಲಭ್ಯ ಇಲ್ಲ.

ವಾಕ್ಯ ಕಟ್ಟುವ ಮೊದಲು ಪ್ರಶ್ನೆಯ ಮಾತುಗಳನ್ನು ಮೂರು ಗುಡ್ಡೆ ಮಾಡಿ. ಆದದ್ದು, ಆಗಬಹುದಾದದ್ದು, ಯಾರೋ ಅಂದದ್ದು. ಒಂದು ಉದಾಹರಣೆ: ಸ್ಪಾನ್ಸರ್ “ತಂಡ ನಿಧಾನ ಆಗಿದೆ” ಅನ್ನುತ್ತಾರೆ. ಹಿಂದಿನ ಮೂರು ಸ್ಪ್ರಿಂಟ್‌ಗಳಲ್ಲಿ, ಅಂದರೆ ಕೆಲಸದ ಸಣ್ಣ ಸುತ್ತುಗಳಲ್ಲಿ, ತಂಡ 30, 31, 30 ಪಾಯಿಂಟ್ (ಕೆಲಸದ ಗಾತ್ರಕ್ಕೆ ತಂಡವೇ ಇಟ್ಟ ಅಳತೆ) ಮುಗಿಸಿದೆ. ಒಬ್ಬ ಮುಖ್ಯ ಡೆವಲಪರ್ ಮುಂದಿನ ತಿಂಗಳು ರಜೆ ಕೇಳಬಹುದು. ಇಲ್ಲಿ ಆದದ್ದು 30, 31, 30. ಆಗಬಹುದಾದದ್ದು ರಜೆ. ಅಂದದ್ದು ‘ನಿಧಾನ’. ವಾಕ್ಯ ಏನು? “ತಂಡದ ವೇಗ ಒಂದೇ ಸಮ ಇದೆ, ಸ್ಪಾನ್ಸರ್‌ಗೆ ಮಾತ್ರ ಹಾಗೆ ಕಾಣುತ್ತಿಲ್ಲ.” ಇಷ್ಟು ಹೇಳಿದ ಮೇಲೆ “ತಂಡದ ಕಾರ್ಯಕ್ಷಮತೆ ಕುಸಿದಿದೆ” ಅನ್ನುವ ಆಪ್ಷನ್ ನಿಮ್ಮನ್ನು ಮೋಸ ಮಾಡಲಾರದು.

ನಾಲ್ಕನೆಯದು: ಅಂಕಿಯನ್ನು ಮಾತಾಡಿಸಿ

ಮತ್ತೆ ಗೋದಾಮಿಗೆ ಬನ್ನಿ. ಆಗಬೇಕಿದ್ದ ಕೆಲಸದ ಬೆಲೆ, ಅಂದರೆ ಪಿವಿ, 20 ಲಕ್ಷ. ಆದ ಕೆಲಸದ ಬೆಲೆ, ಅಂದರೆ ಇವಿ, 16 ಲಕ್ಷ. ನಿಜವಾದ ಖರ್ಚು, ಅಂದರೆ ಎಸಿ, 18 ಲಕ್ಷ. ಒಟ್ಟು ಬಜೆಟ್, ಬಿಎಸಿ, 40 ಲಕ್ಷ.

ಇವಿಯನ್ನು ಎಸಿಯಿಂದ ಭಾಗಿಸಿದರೆ ಸಿಪಿಐ: 16 ÷ 18 = 0.89. ಇವಿಯನ್ನು ಪಿವಿಯಿಂದ ಭಾಗಿಸಿದರೆ ಎಸ್‌ಪಿಐ: 16 ÷ 20 = 0.80. ಇವಿ ಯಾವಾಗಲೂ ಮೇಲೆ. ಒಂದಕ್ಕಿಂತ ಕಡಿಮೆ ಇದ್ದರೆ ಕೆಟ್ಟದ್ದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ 0.89 ಅಂತ ಬರೆದು ನಿಲ್ಲಿಸಬೇಡಿ. ಜೋರಾಗಿ ಓದಿ: “ನಾವು ಹಾಕಿದ ಪ್ರತಿ ರೂಪಾಯಿಗೆ 89 ಪೈಸೆಯ ಕೆಲಸ ಬಂದಿದೆ. ಆಗಬೇಕಿದ್ದ ಪ್ರತಿ ನೂರು ರೂಪಾಯಿ ಕೆಲಸದಲ್ಲಿ ಎಂಬತ್ತರದ್ದು ಆಗಿದೆ.” ಈ ಮಾತು ಬಾಯಿಗೆ ಬಂದರೆ ಮಾಲೀಕರ ಲೆಕ್ಕ ಎಲ್ಲಿ ತಪ್ಪಿತು ಅಂತ ಕಾಣುತ್ತದೆ. ಅವರು ಪಿವಿಯಿಂದ ಎಸಿ ಕಳೆದಿದ್ದರು. ಆದ ಕೆಲಸ ಆ ಲೆಕ್ಕದಲ್ಲಿ ಇರಲೇ ಇಲ್ಲ. ಪರೀಕ್ಷೆಯಲ್ಲಿ ಪಿವಿ ಮತ್ತು ಎಸಿ ಎರಡೇ ಕೊಟ್ಟು “ಪ್ರಾಜೆಕ್ಟ್ ಹೇಗಿದೆ” ಅಂತ ಕೇಳಿದರೆ ‘ಇಷ್ಟರಿಂದ ಹೇಳಲಾಗದು’ ಅನ್ನುವುದೇ ಸರಿ ಉತ್ತರ.

ಇನ್ನು ಮುಗಿಯುವಾಗ ಒಟ್ಟು ಎಷ್ಟಾಗುತ್ತದೆ? ಇದು ಇಎಸಿ. ಈ ಭಾಗ ನನಗೆ ತುಂಬಾ ಇಷ್ಟ. ಏಕೆಂದರೆ ಅಂಕಿಗಳು ಅವೇ, ಪ್ರಶ್ನೆಯ ಒಂದು ಸಾಲು ಬದಲಾದರೆ ಉತ್ತರವೇ ಬೇರೆ.

ಪ್ರಶ್ನೆ ಹೀಗೆ ಹೇಳಿದೆ ಅನ್ನಿ: “ಒಮ್ಮೆ ಅಕಾಲ ಮಳೆಗೆ ಸಿಮೆಂಟ್ ಹಾಳಾಗಿ ಖರ್ಚು ಹೆಚ್ಚಾಯಿತು, ಇನ್ನು ಮುಂದೆ ಯೋಜನೆಯಂತೆಯೇ ನಡೆಯುತ್ತದೆ.” ಆಗ ಆದ ಖರ್ಚಿಗೆ ಉಳಿದ ಕೆಲಸದ ಬೆಲೆ ಸೇರಿಸಿದರೆ ಸಾಕು. 18 + 24 = 42 ಲಕ್ಷ.

ಈಗ ಇನ್ನೊಂದು ಸಾಲು: “ಕೂಲಿ ಏರಿದೆ, ಕೊನೆಯವರೆಗೂ ಇದೇ ದರ.” ಅಂದರೆ ರೂಪಾಯಿಗೆ 89 ಪೈಸೆ ಕೆಲಸ ಅನ್ನುವುದು ಮುಂದೂ ಹಾಗೇ. ಬಿಎಸಿಯನ್ನು ಸಿಪಿಐಯಿಂದ ಭಾಗಿಸಬೇಕು. 45 ಲಕ್ಷ.

ಮೂರನೇದು: “ಖರ್ಚೂ ಹೀಗೇ, ವೇಗವೂ ಹೀಗೇ, ಆದರೆ ಸುಗ್ಗಿಯೊಳಗೆ ಗೋದಾಮು ಮುಗಿಯಲೇಬೇಕು.” ಆಗ ಉಳಿದ 24 ಲಕ್ಷವನ್ನು ಸಿಪಿಐ ಮತ್ತು ಎಸ್‌ಪಿಐ ಗುಣಿಸಿ ಬಂದದ್ದರಿಂದ ಭಾಗಿಸಿ, 18 ಸೇರಿಸಬೇಕು. 51.75 ಲಕ್ಷ.

42, 45, 51.75. ಮೂರೂ ಆಪ್ಷನ್‌ನಲ್ಲಿ ಇರುತ್ತವೆ. ಕ್ಯಾಲ್ಕುಲೇಟರ್ ಪರದೆಯ ಮೇಲೇ ಇರುತ್ತದೆ, ಲೆಕ್ಕ ಯಾರಿಗೂ ಕಷ್ಟ ಅಲ್ಲ. ಆ ಒಂದು ಸಾಲು ಓದುವುದೇ ಪರೀಕ್ಷೆ.

ಮಾಲೀಕರು “ನನಗೆ 40ರಲ್ಲೇ ಮುಗಿಸಿ ಕೊಡ್ರಿ” ಅಂದರೆ? ಉಳಿದ ಕೆಲಸ 24, ಉಳಿದ ದುಡ್ಡು 22. 24 ÷ 22 = 1.09. ಇದು ಟಿಸಿಪಿಐ. ಓದುವುದು ಹೀಗೆ: “ಇಷ್ಟು ದಿನ ರೂಪಾಯಿಗೆ 89 ಪೈಸೆ ತೆಗೆದ ನಾವು ಇನ್ನು ಮೇಲೆ 1 ರೂಪಾಯಿ 9 ಪೈಸೆ ತೆಗೆಯಬೇಕು.” ಆಗುತ್ತದೆಯೋ ಇಲ್ಲವೋ ಅನ್ನುವುದನ್ನು ನೀವೇ ಹೇಳಿ.

ಎಸ್‌ಪಿಐ ಬಗ್ಗೆ ಒಂದು ಎಚ್ಚರಿಕೆ. ಅದು ಕೆಲಸದ ಪ್ರಮಾಣ ಹೇಳುತ್ತದೆ, ಸರಿಯಾದ ಕೆಲಸ ಆಗುತ್ತಿದೆಯೇ ಅಂತ ಹೇಳುವುದಿಲ್ಲ. ಉದಾಹರಣೆಗೆ ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ತೆಗೆದುಕೊಳ್ಳಿ. ಅಲ್ಲಿ ಎಂಟು ಘಟಕಗಳಿವೆ. ಒಂದನ್ನು ನಿಲ್ಲಿಸಿ ದೊಡ್ಡ ದುರಸ್ತಿ ಮಾಡುತ್ತಾರೆ ಅನ್ನಿ. ಅಂಕಿ ನನ್ನದು: ಬಾಯ್ಲರ್ ದಾರಿ 30 ದಿನ, ಟರ್ಬೈನ್ ದಾರಿ 26 ದಿನ. ಬಾಯ್ಲರ್ ದಾರಿಯೇ ಕ್ರಿಟಿಕಲ್ ಪಾತ್, ಅಂದರೆ ಮುಗಿಯುವ ದಿನವನ್ನು ನಿರ್ಧರಿಸುವ ಅತಿ ಉದ್ದದ ಕೆಲಸಗಳ ಸಾಲು. ಟರ್ಬೈನ್‌ಗೆ 4 ದಿನದ ಫ್ಲೋಟ್, ಅಂದರೆ ತಡವಾದರೂ ನಡೆಯುವ ಬಿಡುವು, ಇದೆ. ಬೇರಿಂಗ್ ಬರುವುದು 3 ದಿನ ತಡವಾದರೆ ಘಟಕ ಚಾಲೂ ಆಗುವ ದಿನ ಬದಲಾಗದು, ಫ್ಲೋಟ್ 1ಕ್ಕೆ ಇಳಿಯುತ್ತದೆ ಅಷ್ಟೇ. 6 ದಿನ ತಡವಾದರೆ ಟರ್ಬೈನ್ ದಾರಿ 32 ದಿನ ಆಗಿ ಅದೇ ಕ್ರಿಟಿಕಲ್ ಪಾತ್ ಆಗುತ್ತದೆ, ಘಟಕ 2 ದಿನ ತಡ. ಅದೇ ಹೊತ್ತಿಗೆ ಬಣ್ಣ, ಸಿವಿಲ್ ಅಂತ ಸಣ್ಣ ಕೆಲಸಗಳು ಮುಂದೆ ಓಡಿದ್ದರೆ ಎಸ್‌ಪಿಐ 1.05 ತೋರಿಸುತ್ತಾ ನಗುತ್ತಿರುತ್ತದೆ. ಇನ್ನೊಂದು: ಕೆಲಸ ಪೂರ್ತಿ ಮುಗಿದಾಗ ಇವಿಯೂ ಒಟ್ಟು ಬಜೆಟ್, ಪಿವಿಯೂ ಒಟ್ಟು ಬಜೆಟ್. ಆರು ತಿಂಗಳು ತಡವಾಗಿ ಮುಗಿದರೂ ಎಸ್‌ಪಿಐ 1 ಆಗಿಯೇ ಇರುತ್ತದೆ.

ಐದನೆಯದು: ಗೆರೆಗಳನ್ನು ಓದಿ

ಗಿರಣಿಯಲ್ಲಿ ಚೀಲ ತುಂಬುವ ಯಂತ್ರ ನೋಡಿರುತ್ತೀರಿ. ಈಗ 26 ಕೆಜಿ ಚೀಲವೇ ಜಾಸ್ತಿ. 2022ರಲ್ಲಿ 25 ಕೆಜಿವರೆಗಿನ ಪ್ಯಾಕ್‌ಗೆ ಜಿಎಸ್‌ಟಿ ಬಿದ್ದ ಮೇಲೆ ಒಂದು ಕೆಜಿ ಏರಿಸಿಬಿಟ್ಟರು. ಇರಲಿ. ಯಂತ್ರದ ಸರಾಸರಿ 26.00 ಕೆಜಿ, ಕಂಟ್ರೋಲ್ ಮಿತಿ 25.85ರಿಂದ 26.15 ಅಂತ ಇಟ್ಟುಕೊಳ್ಳಿ. ಸಾಲಾಗಿ ಏಳು ಚೀಲ 26.04, 26.07, 26.05 ಹೀಗೆ ಸರಾಸರಿಗಿಂತ ಮೇಲೇ ಬಂದವು. ಒಂದೂ ಮಿತಿ ದಾಟಿಲ್ಲ. ಯಂತ್ರ ಸರಿ ಇದೆಯೇ?

ಇಲ್ಲ. ಏಳು ಬಿಂದು ಸಾಲಾಗಿ ಸರಾಸರಿಯ ಒಂದೇ ಕಡೆ ಬಿದ್ದರೆ ಅದು ಕಾಕತಾಳೀಯ ಅಲ್ಲ ಅಂತ ತಿಳಿಯುತ್ತಾರೆ. ಏನೋ ಜರುಗಿದೆ, ಕಾರಣ ಹುಡುಕಬೇಕು. “ಎಲ್ಲವೂ ಮಿತಿಯೊಳಗಿದೆ, ಏನೂ ಬೇಡ” ಅನ್ನುವುದು ಇಲ್ಲಿಯ ಬಲೆ. ಜೊತೆಗೆ ಕಂಟ್ರೋಲ್ ಮಿತಿ ಮತ್ತು ಸ್ಪೆಸಿಫಿಕೇಶನ್ ಮಿತಿ ಬೇರೆ ಅಂತ ನೆನಪಿಡಿ. ಮೊದಲನೆಯದು ಯಂತ್ರ ಹೇಗೆ ನಡೆಯುತ್ತದೆ ಅಂತ ಹೇಳುತ್ತದೆ. ಎರಡನೆಯದು ಗಿರಾಕಿ ಏನು ಒಪ್ಪುತ್ತಾನೆ ಅಂತ.

ಅಜೈಲ್‌ನಲ್ಲಿ ಬರ್ನ್‌ಡೌನ್ ಚಾರ್ಟ್ ಬರುತ್ತದೆ, ಅಂದರೆ ಇನ್ನು ಎಷ್ಟು ಕೆಲಸ ಉಳಿದಿದೆ ಅಂತ ದಿನದಿನಕ್ಕೆ ತೋರಿಸುವ ಚಿತ್ರ. ಗೆರೆ ಕೆಳಗಿಳಿಯಬೇಕು. ನಡುವೆ ಮೇಲೆ ಎಗರಿದರೆ ಹೊಸ ಕೆಲಸ ಸೇರಿದೆ, ಇಲ್ಲವೇ ಮೊದಲ ಅಂದಾಜು ತಪ್ಪಿದೆ. ಮೂರು ದಿನ ಅಡ್ಡಡ್ಡ ಹೋದರೆ ತಂಡ ಸುಮ್ನೆ ಕೂತಿದೆ ಅಂತ ತೀರ್ಮಾನಿಸಬೇಡಿ. ಪೂರ್ತಿ ಮುಗಿದ ಕೆಲಸವನ್ನು ಮಾತ್ರ ಗೆರೆ ಲೆಕ್ಕಕ್ಕೆ ಹಿಡಿಯುತ್ತದೆ. ಐದು ಕೆಲಸ ಅರ್ಧರ್ಧ ಆಗಿದ್ದರೂ ಗೆರೆ ಅಲ್ಲಾಡದು. ಆಮೇಲೆ ಎರಡು ತಂಡಗಳ ವೆಲಾಸಿಟಿ (ಒಂದು ಸ್ಪ್ರಿಂಟ್‌ನಲ್ಲಿ ಮುಗಿಸುವ ಪಾಯಿಂಟ್) ಹೋಲಿಸಿ “ಎ ತಂಡವೇ ಚುರುಕು” ಅನ್ನುವ ಆಪ್ಷನ್ ಕಂಡರೆ ಕಣ್ಣು ಮುಚ್ಚಿ ಹೊಡೆದು ಹಾಕಿ. ಒಂದು ತಂಡದ ಪಾಯಿಂಟ್ ಇನ್ನೊಂದರ ಪಾಯಿಂಟ್ ಅಲ್ಲ.

ಆರನೆಯದು: ರಿಸ್ಕೋ, ಇಷ್ಯೂವೋ

2024ರ ಆಗಸ್ಟ್ 10ರ ರಾತ್ರಿ ನಮ್ಮ ಭಾಗದಲ್ಲಿ ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಡ್ಯಾಮ್ ತುಂಬಿತ್ತು. ಕೆಳಗೆ ಹೊಲಗಳಿದ್ದವು, ಊರುಗಳಿದ್ದವು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ (ನೀರು ತಡೆಯಲು ಇಳಿಸುವ ಉಕ್ಕಿನ ಅಡ್ಡಹಲಗೆ) ತುಂಡುಗಳನ್ನು ಮಾಡಿಸಿ ತಂದು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು.

ನಮ್ಮ ಗುಂಪಿನಲ್ಲಿ ರಿಸ್ಕ್ ಪಾಠವನ್ನು ಈ ಗೇಟಿನ ಮೇಲೇ ಓದಿದೆವು. ಆಗಸ್ಟ್ 9ರಂದು “ಹಳೆ ಚೈನ್ ತುಂಡಾಗಬಹುದು” ಅಂದರೆ ಅದು ರಿಸ್ಕ್. 11ರ ಬೆಳಿಗ್ಗೆ ಅದು ಇಷ್ಯೂ. ಆಗಬಹುದಾದದ್ದಕ್ಕೆ ರಿಸ್ಕ್ ರಿಜಿಸ್ಟರ್, ಆಗಿಹೋದದ್ದಕ್ಕೆ ಇಷ್ಯೂ ಲಾಗ್. “ಗೇಟ್ ಹೋದರೆ ಹೀಗೆ ಮಾಡೋಣ” ಅಂತ ಮೊದಲೇ ಬರೆದಿಟ್ಟು, ಆ ಕ್ಷಣಕ್ಕೆ ಅದನ್ನು ತೆಗೆದು ಜಾರಿ ಮಾಡಿದರೆ ಕಂಟಿಂಜೆನ್ಸಿ ಪ್ಲಾನ್. ಬರೆದಿಡದೆ, ಆದ ಮೇಲೆ ಅಲ್ಲೇ ದಾರಿ ಹುಡುಕಿದರೆ ವರ್ಕ್‌ಅರೌಂಡ್. ಸ್ಟಾಪ್‌ಲಾಗ್ ಇಳಿಸಿದ ಮೇಲೂ ಉಳಿದ ಹಳೆ ಗೇಟುಗಳ ಅಪಾಯ ಹಾಗೇ ಇತ್ತು ಅಲ್ವಾ? ಅದು ಮತ್ತೆ ರಿಸ್ಕ್. ಸ್ಟಾಪ್‌ಲಾಗ್ ಇಳಿಸುವುದರಿಂದಲೇ ಹೊಸ ಅಪಾಯ ಹುಟ್ಟಿದರೆ, ಅಂದರೆ ಇಳಿಸುವಾಗ ಕ್ರೇನ್ ಜಾರಬಹುದು ಅಂತಿದ್ದರೆ, ಅದಕ್ಕೆ ಸೆಕೆಂಡರಿ ರಿಸ್ಕ್ ಅನ್ನುತ್ತಾರೆ.

ಪ್ರಶ್ನೆಯಲ್ಲಿ ಕಾಲ ನೋಡಿ. ಇಂಗ್ಲಿಷ್ ವಾಕ್ಯ ‘ಮೇ’, ‘ಮೈಟ್’, ‘ಕುಡ್’ ಅನ್ನುತ್ತಿದ್ದರೆ ಇನ್ನೂ ಆಗಿಲ್ಲ. ‘ಹ್ಯಾಸ್’ ಅಂದಿದ್ದರೆ ಆಗಿಹೋಗಿದೆ. ಕನ್ನಡದಲ್ಲಿ ಹೇಳಿಕೊಂಡರೆ ‘ಆಗಬಹುದು’, ‘ಆಗಿದೆ’ ಅನ್ನುವ ವ್ಯತ್ಯಾಸ ತಪ್ಪುವುದೇ ಇಲ್ಲ.

ಏಳನೆಯದು: ಜನರ ಮಾತು

ಇಲ್ಲಿ ನಮಗೆ ಸಹಜವಾಗಿಯೇ ಕೈ ಕೂಡುತ್ತದೆ, ಜಾಸ್ತಿ ಹೇಳುವುದಿಲ್ಲ. ತಂಡದವರು ಮರ್ಯಾದೆಯಿಂದ “ಹ್ಞೂಂ ಸರ್” ಅನ್ನುತ್ತಾ ಯಾರ ಕೆಲಸ ಯಾವುದು ಅಂತ ಕೇಳುತ್ತಿದ್ದರೆ ಫಾರ್ಮಿಂಗ್, ಅಂದರೆ ತಂಡ ಕೂಡುವ ಹಂತ. “ನನ್ನ ಪದ್ಧತಿಯೇ ಸರಿ” ಅಂತ ಜಗಳ ಶುರುವಾದರೆ ಸ್ಟಾರ್ಮಿಂಗ್, ತಿಕ್ಕಾಟದ ಹಂತ. ಜಗಳ ಬಂದದ್ದೇ ತಂಡ ಕೆಟ್ಟಿತು ಅಂತ ಅಲ್ಲ. ಚೆನ್ನಾಗಿದ್ದ ತಂಡಕ್ಕೆ ಹೊಸಬರು ಸೇರಿದ ಮೇಲೆ ಗಲಾಟೆ ಅಂದರೆ ಮತ್ತೆ ಹಿಂದಿನ ಹಂತಕ್ಕೆ ಬಂದಿದೆ. ಅಧಿಕಾರ ಜಾಸ್ತಿ, ಆಸಕ್ತಿ ಕಡಿಮೆ ಇರುವವರನ್ನು ಸಮಾಧಾನದಲ್ಲಿ ಇಡಬೇಕು, ದಿನಾ ವರದಿ ಕಳಿಸಿ ತಲೆ ತಿನ್ನಬಾರದು.

ಒಂದೇ ಕಷ್ಟ. ಊರಲ್ಲಿ ನಾವು ಹಿರಿಯರ ಮಾತಿಗೆ ಎದುರಾಡುವುದಿಲ್ಲ. ಹಾಗಾಗಿ ಪ್ರಶ್ನೆಯಲ್ಲಿ ಸ್ಪಾನ್ಸರ್ ಅಂದದ್ದನ್ನೆಲ್ಲ ‘ಆದದ್ದು’ ಗುಡ್ಡೆಗೆ ಹಾಕಿಬಿಡುತ್ತೇವೆ. ಅದು ‘ಅಂದದ್ದು’ ಗುಡ್ಡೆಗೇ ಸೇರಬೇಕು.

ಎಂಟನೆಯದು: ತಪ್ಪಿನ ನೋಟ್‌ಬುಕ್

ಸಾವಿರ ಪ್ರಶ್ನೆ ಬಿಡಿಸಿ ಮರೆಯುವುದಕ್ಕಿಂತ ಮುನ್ನೂರು ಬಿಡಿಸಿ, ತಪ್ಪಾದದ್ದನ್ನು ಬರೆದಿಡುವುದು ಮೇಲು. ಸರಿ ಉತ್ತರ ಬರೆಯಬೇಡಿ. ನೀವು ಹೇಳಿದ ಕನ್ನಡ ವಾಕ್ಯ ಬರೆಯಿರಿ, ಪಕ್ಕದಲ್ಲಿ ಹೇಳಬೇಕಿದ್ದ ವಾಕ್ಯ. ಎರಡು ವಾರಕ್ಕೆ ನಿಮ್ಮ ರೋಗ ನಿಮಗೇ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಅರ್ಧಕ್ಕರ್ಧ ಒಂದೇ ತಪ್ಪು: ಪ್ರಶ್ನೆಯಲ್ಲಿ ಇಲ್ಲದ ಕಾರಣವನ್ನು ನಾನೇ ಸೇರಿಸುತ್ತಿದ್ದೆ. ತಡ ಆಗಿದೆ ಅಂದರೆ “ಕಾಂಟ್ರಾಕ್ಟರ್ ಜನ ಕಳಿಸಿಲ್ಲ” ಅಂತ ಮನಸ್ಸೇ ಹೇಳುತ್ತಿತ್ತು. ಸೈಟಿನ ಅನುಭವ ಅಷ್ಟು ಗಟ್ಟಿ!

ಗಡಿಯಾರದ ಲೆಕ್ಕವನ್ನೂ ರೂಢಿ ಮಾಡಿ. ಮೇಲೆ ಹೇಳಿದ 2021ರ ಮಾದರಿಯಂತೆ 230 ನಿಮಿಷಕ್ಕೆ 180 ಪ್ರಶ್ನೆ ಅಂದರೆ ಒಂದಕ್ಕೆ ಸುಮಾರು 77 ಸೆಕೆಂಡ್. 60 ಮುಗಿದಾಗ 153 ನಿಮಿಷ ಉಳಿದಿರಬೇಕು, 120 ಮುಗಿದಾಗ 77. ಮೊದಮೊದಲು ಒಂದು ವಾಕ್ಯ ಕಟ್ಟಲು ಒಂದು ನಿಮಿಷ ಹಿಡಿಯುತ್ತದೆ. ಹೆದರಬೇಡಿ. ತಿಂಗಳಾದ ಮೇಲೆ ಹತ್ತು ಸೆಕೆಂಡಿಗೆ ಬರುತ್ತದೆ, ಅದೂ ಮನಸ್ಸಿನಲ್ಲೇ. ಮನೆಯಿಂದ ಬರೆಯುವವರು ಇದನ್ನು ಗಮನಿಸಿ: ತುಟಿ ಆಡಿಸಿ ಓದಿದರೆ ಕ್ಯಾಮೆರಾದಲ್ಲಿ ನೋಡುವವರು ಎಚ್ಚರಿಸುತ್ತಾರೆ. ಕೊನೆಯ ಎರಡು ವಾರ ಬಾಯಿ ಮುಚ್ಚಿಯೇ ಅಭ್ಯಾಸ ಮಾಡಿ.

ಮನೆಯೋ, ಸೆಂಟರೋ? ಮನೆಯಲ್ಲಿ ಕೋಣೆಗೆ ಯಾರೂ ಬರಬಾರದು, ಕರೆಂಟ್ ಹೋಗಬಾರದು, ನೆಟ್ ಕಡಿಯಬಾರದು. ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಈ ಮೂರಕ್ಕೂ ಗ್ಯಾರಂಟಿ ಕೊಡುವ ಧೈರ್ಯ ನನಗಿಲ್ಲ. ನಾನು ಬೆಂಗಳೂರಿಗೆ ಹೋದೆ. ಮೊದಲ ಸಲ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಇಳಿದು, ಮುಖ ತೊಳೆದು ನೇರ ಪರೀಕ್ಷೆಗೆ ಕೂತೆ. ನೂರನೇ ಪ್ರಶ್ನೆಯ ಹೊತ್ತಿಗೆ ಅಕ್ಷರಗಳು ತೂಕಡಿಸುತ್ತಿದ್ದವು. ಎರಡನೇ ಸಲ ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಮಲಗಿದೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಅವರೂ ಹಿಂದಿನ ದಿನವೇ ಹೋಗುವುದು ಒಳ್ಳೆಯದು.

ಈಗ ನೀವು ಹೇಳಿ

ಮೂರು ಪರಿಸ್ಥಿತಿ ಕೊಡುತ್ತೇನೆ. ಕೆಳಗಿನ ಉತ್ತರ ಕೈಯಲ್ಲಿ ಮುಚ್ಚಿ, ಒಂದೊಂದಕ್ಕೂ ಒಂದು ವಾಕ್ಯ ಹೇಳಿ.

ಒಂದು. ಸಿಪಿಐ 1.12, ಎಸ್‌ಪಿಐ 0.85.

ಎರಡು. ನಿಮ್ಮ ಕೈಕೆಳಗೆ ಆರು ಜನರ ತಂಡ ಇದೆ. ಇನ್ನೂ ಮೂವರು ಸೇರಿದರು. ಮಾತುಕತೆಯ ದಾರಿಗಳು ಎಷ್ಟು ಹೆಚ್ಚಾದವು?

ಮೂರು. ಬಳ್ಳಾರಿಯ ಒಂದು ಜೀನ್ಸ್ ಘಟಕ ಆರ್ಡರ್‌ನಲ್ಲಿ ಬರೆದ ಹಾಗೆಯೇ ಕಡಿಮೆ ಬೆಲೆಯ ಸಾದಾ ಬಟ್ಟೆಯಲ್ಲಿ ಪ್ಯಾಂಟ್ ಹೊಲಿದು ಕೊಟ್ಟಿತು. ಅಳತೆ ಸರಿ, ಹೊಲಿಗೆ ಗಟ್ಟಿ, ಬಣ್ಣವೂ ಒಪ್ಪಿದ್ದೇ. ಗಿರಾಕಿ “ಕ್ವಾಲಿಟಿ ಇಲ್ಲ, ಶೋರೂಮಿನ ಪ್ಯಾಂಟ್ ಹಾಗೆ ಇಲ್ಲ” ಅಂತ ವಾಪಸ್ ಕಳಿಸಿದ.

ಮೊದಲನೆಯದಕ್ಕೆ: ದುಡ್ಡು ಅಂದುಕೊಂಡದ್ದಕ್ಕಿಂತ ಕಡಿಮೆ ಹೋಗುತ್ತಿದೆ, ಕೆಲಸ ಹಿಂದೆ ಬಿದ್ದಿದೆ. ಇಷ್ಟೇ. “ಜನ ಕಡಿಮೆ ಹಾಕಿದ್ದರಿಂದ” ಅಂತ ನೀವು ಸೇರಿಸಿದ್ದರೆ ಅದು ನನ್ನ ನೋಟ್‌ಬುಕ್ಕಿನ ತಪ್ಪು.

ಎರಡನೆಯದಕ್ಕೆ: ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಿಂದ ಗುಣಿಸಿ ಎರಡರಿಂದ ಭಾಗಿಸಬೇಕು. ಕೈಕೆಳಗೆ ಆರು ಅಂದರೆ ನೀವು ಸೇರಿ ಏಳು, ದಾರಿಗಳು 21. ಮೂವರು ಬಂದ ಮೇಲೆ ಹತ್ತು ಜನ, 45. ಹೆಚ್ಚಾದದ್ದು 24. ನಿಮ್ಮನ್ನು ಬಿಟ್ಟು ಎಣಿಸಿದವರಿಗೆ 21 ಬರುತ್ತದೆ, ಹೊಸ ಮೊತ್ತವನ್ನೇ ಒತ್ತಿದವರು 45 ಅನ್ನುತ್ತಾರೆ. ಎರಡೂ ಆಪ್ಷನ್‌ನಲ್ಲಿ ಇರುತ್ತವೆ.

ಮೂರನೆಯದಕ್ಕೆ: ಒಪ್ಪಿದ್ದನ್ನೇ ಮಾಡಿದ್ದಾರೆ, ಆದ್ದರಿಂದ ಕ್ವಾಲಿಟಿ ಸರಿ ಇದೆ. ಕಡಿಮೆ ಇರುವುದು ಗ್ರೇಡ್, ಅಂದರೆ ಸರಕಿನ ದರ್ಜೆ, ಅದನ್ನು ಆರಿಸಿದ್ದು ಗಿರಾಕಿಯೇ. ಅವನಿಗೆ ನಿಜವಾಗಿ ಏನು ಬೇಕಿತ್ತು ಅನ್ನುವುದು ಆರ್ಡರ್ ಬರೆಯುವಾಗ ಹೊರಗೆ ಬಂದಿಲ್ಲ. ಹೊಲಿಗೆ ಹಾಕಿದವರ ಮೇಲೆ ತಪ್ಪು ಹೊರಿಸುವ ಆಪ್ಷನ್ ಆ ನಾಲ್ಕರಲ್ಲಿ ಇದ್ದೇ ಇರುತ್ತದೆ.